ದುರಸ್ತಿಗೆ ಕೊಟ್ಟ ಪೆಟ್ರೋಲ್ ಕಾಕ್ ಹಿಂತಿರುಗಿಸದೆ ಬೇರೊಂದನ್ನು ಕಳುಹಿಸಿರುವ ಬಗ್ಗೆ ದೂರು

ಮೈಸೂರು

ಗೆ,
ವ್ಯವಸ್ಥಾಪಕರು,
ಹಳೆಯ ಮೋಟಾರ್ ಸೈಕಲ್‌ಗಳ ಬಿಡಿಭಾಗ ಮತ್ತು ದುರಸ್ತಿ ಸಂಸ್ಥೆ,
ಬೆಂಗಳೂರು.

ವಿಷಯ: 1969ರ ಜಾವಾ 250 ಬೈಕಿನ ಪೆಟ್ರೋಲ್ ಕಾಕ್ ದುರಸ್ತಿಯಲ್ಲಿನ ಸೇವಾ ನ್ಯೂನತೆ ಮತ್ತು ಮೂಲ ಭಾಗವನ್ನು ಮರಳಿಸದಿರುವುದು.

ಮಾನ್ಯರೇ,

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1969ರಲ್ಲಿ ತಯಾರಾದ ಜಾವಾ 250 ನನ್ನ ಬಳಿ ಇದೆ. ಅದರ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಿಂದ ಇಳಿಯುವ ಪೆಟ್ರೋಲನ್ನು ತೆರೆದು ಮುಚ್ಚುವ ನಲ್ಲಿ, ಮುಚ್ಚಿದ್ದರೂ ಹನಿಯತೊಡಗಿದ್ದರಿಂದ, ಒಳಗಿನ ಸೀಲ್ ಬದಲಿಸಿ, ಸೀಲ್ ಕೂರುವ ಮುಖವನ್ನು ಸಮ ಮಾಡಿ, ಅದೇ ಕಾಕನ್ನು ಮರಳಿಸಬೇಕೆಂದು ಪತ್ರ ಬರೆದಿಟ್ಟು ಕೊರಿಯರ್ ಮೂಲಕ ತಮ್ಮ ಸಂಸ್ಥೆಗೆ ಕಳುಹಿಸಿದ್ದೆ. ತಾವು ರೂ. 2,400 ಪಡೆದು, ಬಿಲ್ಲಿನಲ್ಲಿ "ಮೂಲ ಕಾಕ್ ದುರಸ್ತಿ, ಎಥನಾಲ್ ತಡೆಯುವ ಸೀಲ್ ಸಹಿತ" ಎಂದು ನಮೂದಿಸಿದ್ದೀರಿ. ಆದರೆ ಪೆಟ್ಟಿಗೆಯಲ್ಲಿ ಬಂದದ್ದು ನನ್ನ ಕಾಕ್ ಅಲ್ಲ.

ಇದನ್ನು ಅನುಮಾನದಿಂದ ಹೇಳುತ್ತಿಲ್ಲ. ಕಳುಹಿಸುವ ಮೊದಲು ತೆಗೆದ ಛಾಯಾಚಿತ್ರಗಳಲ್ಲಿ ನನ್ನ ಕಾಕಿನ ಲಿವರ್ ಬುಡದಲ್ಲಿ ಹಳೆಯ ಬೆಸುಗೆಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಮರಳಿ ಬಂದಿರುವ ಕಾಕಿನಲ್ಲಿ ಆ ಗುರುತಿಲ್ಲ; ಎರಕದ ಅಂಚುಗಳನ್ನು ಅರದಿಂದ ಉಜ್ಜಿಯೂ ಇಲ್ಲ, ಲಿವರ್ ಬೇರೆ ಆಕಾರದ್ದು. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ನಕಲು ಕಾಕುಗಳನ್ನು ನೋಡಿದವರು ಯಾರಾದರೂ ಇದನ್ನು ಕೈಗೆತ್ತಿಕೊಂಡ ಕೂಡಲೇ ಗುರುತಿಸಬಲ್ಲರು. ಹೊಸ ಕಾಕ್ ಹಾಕುವುದೇ ನನ್ನ ಉದ್ದೇಶವಾಗಿದ್ದರೆ ಅದನ್ನು ಇಲ್ಲಿಯೇ ಕೊಳ್ಳಬಹುದಿತ್ತು, ಬೆಂಗಳೂರಿನವರೆಗೆ ಕಳುಹಿಸುವ ಅಗತ್ಯವೇ ಇರಲಿಲ್ಲ.

ಇನ್ನು ತಾವು ಕಳುಹಿಸಿದ ಕಾಕಿನ ಸ್ಥಿತಿಯನ್ನು ವಿವರವಾಗಿ ಹೇಳಬೇಕಾಗಿದೆ. ಈ ಬೈಕಿನಲ್ಲಿ ಪಂಪ್ ಇಲ್ಲ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ. ಆದ್ದರಿಂದ ಗಾಡಿ ನಿಂತಿರುವಾಗ ಇಂಧನವನ್ನು ತಡೆದು ಹಿಡಿಯಬೇಕಾದದ್ದು ಮೊದಲಿಗೆ ಈ ಕಾಕ್. ತಾವು ಕಳುಹಿಸಿದ್ದನ್ನು ಜೋಡಿಸಿದ ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ಪೆಟ್ರೋಲ್ ವಾಸನೆ ಮುಖಕ್ಕೆ ಬಡಿಯಿತು, ಎಂಜಿನ್ನಿನ ಮೇಲೆ ಎಣ್ಣೆಯ ಕಲೆ ಇಳಿದಿತ್ತು. ಎರಡು ಸ್ಟ್ರೋಕಿನ ಗಾಡಿಯಾದ್ದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆತಿರುತ್ತದೆ; ಒಸರಿದ ಪೆಟ್ರೋಲ್ ಆವಿಯಾಗಿ ಹೋದರೂ ಎಣ್ಣೆ ಅಲ್ಲಿಯೇ ಉಳಿಯುವುದರಿಂದ ಸೋರಿಕೆ ಮರೆಮಾಚುವಂಥದ್ದಲ್ಲ. ನನ್ನ ಶೆಡ್ ಮನೆಗೆ ಅಂಟಿಕೊಂಡೇ ಇದೆ, ಗೋಡೆಯ ಆಚೆ ಬದಿಯಲ್ಲಿ ಅಡುಗೆಮನೆ. ಈ ಸೋರಿಕೆಯನ್ನು ಸಣ್ಣ ತೊಂದರೆ ಎಂದು ಭಾವಿಸಲು ನನ್ನಿಂದ ಸಾಧ್ಯವಿಲ್ಲದಿರುವುದಕ್ಕೆ ಅದೇ ಕಾರಣ.

ದೂರವಾಣಿಯಲ್ಲಿ ತಿಳಿಸಿದಾಗ ತಮ್ಮ ಮೆಕ್ಯಾನಿಕ್, ಕಾಕ್ ಸರಿಯಾಗಿಯೇ ಇದೆ, ಕಾರ್ಬ್ಯುರೇಟರಿನ ಫ್ಲೋಟ್ ನೀಡಲ್ (ಅದರ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಸೂಜಿ) ಸವೆದಿರಬೇಕು ಎಂದರು. ಆ ಸಾಧ್ಯತೆಯನ್ನು ನಾನು ತಳ್ಳಿಹಾಕಲಿಲ್ಲ. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದರ ತುದಿಯನ್ನು ಬಾಟಲಿಯೊಳಗೆ ಇಳಿಬಿಟ್ಟು, ಕಾಕನ್ನು ಮುಚ್ಚಿ, ಗಾಡಿಯನ್ನು ಹೊರಗೆ ನಿಲ್ಲಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಾಟಲಿಯ ತಳದಲ್ಲಿ ಪೆಟ್ರೋಲ್ ಸೇರಿತ್ತು. ಕಾರ್ಬ್ಯುರೇಟರಿಗೆ ಸಂಪರ್ಕವೇ ಇಲ್ಲದಿದ್ದಾಗ ಅದರ ನೀಡಲ್ ಮೇಲೆ ತಪ್ಪು ಹೊರಿಸುವುದು ಹೇಗೆ? ಇದನ್ನು ತಿಳಿಸಿದ ಮೇಲೆ ಬಂದ ಉತ್ತರ, "ಹಳೇ ಗಾಡಿ ಅಂದ್ರೆ ಸ್ವಲ್ಪ ಒಸರುತ್ತೆ ಸಾರ್" ಎಂಬುದು. ಹಳೆಯ ಗಾಡಿಗಳ ದುರಸ್ತಿಯನ್ನೇ ವೃತ್ತಿಯಾಗಿ ನಡೆಸುವ ಸಂಸ್ಥೆಯಿಂದ ಈ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ಕಾಕನ್ನು ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಒಂದು ಕಡೆಯಿಂದ ಗಾಳಿ ಊದಿದರೆ ಗುಳ್ಳೆ ಏಳುತ್ತದೆಯೋ ಇಲ್ಲವೋ ಎಂದು ಕಳುಹಿಸುವ ಮೊದಲೇ ತಿಳಿಯಬಹುದಿತ್ತು.

ಸೋರಿಕೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು, ಬಿಚ್ಚಿ ನೋಡಿದಾಗ ಕಂಡದ್ದು. ಟ್ಯಾಂಕಿಗೆ ತಿರುಗಿಸಿ ಕೂರಿಸುವ ಮರೆಗೆ (ಥ್ರೆಡ್‌ಗೆ) ವಾಷರ್ ಹಾಕುವ ಬದಲು ಧಾರಾಳವಾಗಿ ಸಿಲಿಕೋನ್ ಅಂಟು ಬಳಿಯಲಾಗಿದೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ, ಮೆತ್ತಗಾಗಿ, ಚೂರುಚೂರಾಗಿ ಕಿತ್ತುಬರುತ್ತದೆ ಎಂಬುದು ಈ ಕೆಲಸ ಮಾಡುವವರಿಗೆ ಹೊಸ ಸಂಗತಿಯಲ್ಲ. ಅಂಥ ಚೂರುಗಳು ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸಿಕ್ಕಿವೆ. ಟ್ಯಾಂಕಿನೊಳಗೆ ನಿಲ್ಲುವ ಕೊಳವೆಯ ಮೇಲೆ ಇರಬೇಕಾದ ಜಾಲರಿಯೂ ಇಲ್ಲ. ಐವತ್ತು ವರ್ಷ ದಾಟಿದ ಟ್ಯಾಂಕಿನ ತುಕ್ಕಿನ ಪುಡಿ ನೇರವಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರವಾದ ಜೆಟ್ಟಿಗೆ ಇಳಿಯಲು ಇನ್ನೇನು ತಡೆಯಿದೆ? ಆ ಕೊಳವೆಯ ಎತ್ತರವೂ ತಪ್ಪಾಗಿದೆ. ಪೆಟ್ರೋಲ್ ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ಎಂಜಿನ್ ತಡವರಿಸಬೇಕು, ಆಗ ರಿಸರ್ವ್‌ಗೆ ತಿರುಗಿಸಿದರೆ ತಳದಲ್ಲಿ ಉಳಿದದ್ದು ದೊರೆಯಬೇಕು. ಇದರಲ್ಲಿ ಕೊಳವೆ ಎಷ್ಟು ಗಿಡ್ಡವಾಗಿದೆಯೆಂದರೆ ರಿಸರ್ವ್ ಎಂಬುದು ಹೆಸರಿಗಷ್ಟೇ ಇದೆ. ನಂಜನಗೂಡು ರಸ್ತೆಯಲ್ಲಿ ಗಾಡಿ ನಿಂತು, ರಿಸರ್ವ್‌ಗೆ ಹಾಕಿದರೂ ಏಳದೆ, ತಳ್ಳಿಕೊಂಡು ಹೋಗಬೇಕಾದಾಗ ಇದು ತಿಳಿಯಿತು.

ಸೀಲಿನ ವಿಷಯ ಇನ್ನೂ ಉಳಿದಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ತಮ್ಮದೇ ಬೆಂಗಳೂರಿನಲ್ಲಿ. ಜಾವಾ ತಯಾರಾದ ಕಾಲದ ರಬ್ಬರ್ ಮತ್ತು ಕಾರ್ಕ್ ಸೀಲುಗಳನ್ನು ಇಂಥ ಇಂಧನಕ್ಕಾಗಿ ರೂಪಿಸಿರಲಿಲ್ಲ; ಅದಕ್ಕಾಗಿಯೇ ಎಥನಾಲ್ ತಡೆಯುವ ವಿಟಾನ್ ರಬ್ಬರಿನ ಸೀಲ್ ಹಾಕಬೇಕೆಂದು ನಾನು ಪತ್ರದಲ್ಲಿ ಒತ್ತಿ ಬರೆದಿದ್ದೆ, ತಾವು ಅದಕ್ಕೆ ಪ್ರತ್ಯೇಕವಾಗಿ ಹಣ ಪಡೆದಿದ್ದೀರಿ. ಹಾಕಿರುವ ಸೀಲ್ ಕೆಲವೇ ವಾರಗಳಲ್ಲಿ ಉಬ್ಬಿ, ಲಿವರ್ ತಿರುಗಿಸಲು ಇಕ್ಕಳ ಬೇಕಾಗುವಷ್ಟು ಬಿಗಿದುಕೊಂಡಿದೆ. ಅದನ್ನು ತೆಗೆದು ಜೋಪಾನವಾಗಿ ಇಟ್ಟಿದ್ದೇನೆ. ತಾವು ಬಯಸಿದರೆ ಯಾವುದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು.

ಆದ್ದರಿಂದ ನನ್ನ ಮೂಲ ಕಾಕನ್ನು, ಅದು ಈಗ ಯಾವ ಸ್ಥಿತಿಯಲ್ಲಿದ್ದರೂ, ತಮ್ಮ ಖರ್ಚಿನಲ್ಲಿ ಮರಳಿಸಬೇಕು ಎಂಬುದು ನನ್ನ ಮೊದಲ ಬೇಡಿಕೆ. ಐಡಿಯಲ್ ಜಾವಾ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಭಾಗಗಳು ಇನ್ನು ಹುಟ್ಟುವುದಿಲ್ಲ, ಹಾಗಾಗಿ ಅದರ ಬದಲಿಗೆ ಮತ್ತೊಂದು ನಕಲನ್ನಾಗಲಿ, ತಮ್ಮ ಅಂಗಡಿಯ ರಿಯಾಯಿತಿ ಚೀಟಿಯನ್ನಾಗಲಿ ನಾನು ಒಪ್ಪುವುದಿಲ್ಲ. ಕಾಕ್ ತಮ್ಮಲ್ಲಿ ಕಳೆದುಹೋಗಿದ್ದರೆ ಅಥವಾ ಬೇರೆಯವರಿಗೆ ಮಾರಾಟವಾಗಿದ್ದರೆ ಅದನ್ನು ಲಿಖಿತವಾಗಿ ತಿಳಿಸಿ, ಅದರ ಬೆಲೆಯನ್ನು ಭರಿಸಬೇಕು. ಮಾಡದ ದುರಸ್ತಿಗೆ ಪಡೆದ ರೂ. 2,400, ಎರಡೂ ಕಡೆಯ ಕೊರಿಯರ್ ವೆಚ್ಚ ಮತ್ತು ಕಾರ್ಬ್ಯುರೇಟರ್ ಶುಚಿಗೊಳಿಸಲು ಆದ ಖರ್ಚನ್ನು ಹಿಂತಿರುಗಿಸಬೇಕು. ತಾವು ಕಳುಹಿಸಿದ ಕಾಕನ್ನು ಮೂಲ ಕಾಕ್ ನನ್ನ ಕೈಸೇರಿದ ದಿನವೇ ವಾಪಸು ಮಾಡುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಆ ಕಾಯ್ದೆ ಅವಕಾಶ ನೀಡಿರುವುದರಿಂದ ವಿಚಾರಣೆ ಮೈಸೂರಿನಲ್ಲಿ ನಡೆಯುತ್ತದೆ ಎಂಬುದನ್ನೂ ಗಮನಿಸಬೇಕಾಗಿ ಕೋರುತ್ತೇನೆ. ಬಿಲ್ಲಿನ ಪ್ರತಿ, ಕೊರಿಯರ್ ರಸೀದಿ ಹಾಗೂ ಎರಡೂ ಕಾಕುಗಳ ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)