ಇಂಪ್ಲಾಂಟ್ ಹಲ್ಲಿಗೂ ವಸಡಿನ ರೋಗ ಬರುತ್ತದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯೂ ಸೇರಿ ಎಲ್ಲ ಕಡೆ ಈಗ 'ಶಾಶ್ವತ ಹಲ್ಲು' ಎಂಬ ಜಾಹೀರಾತು. ನಾನು ವಸಡಿನ ಡಾಕ್ಟರು. ಇಂಪ್ಲಾಂಟ್ (ಹಲ್ಲಿನ ಕ್ಯಾಪ್ ಕೂರಿಸಲು ದವಡೆ ಮೂಳೆಗೆ ಹಾಕುವ ಲೋಹದ ಸ್ಕ್ರೂ) ಕೆಟ್ಟದ್ದು ಅಂತ ಹೇಳುತ್ತಿಲ್ಲ, ನಾನೂ ಹಾಕುತ್ತೇನೆ. 1965ರಲ್ಲಿ ಸ್ವೀಡನ್ನಿನ ಡಾ. ಬ್ರೋನೆಮಾರ್ಕ್ ಮೊದಲ ರೋಗಿಗೆ ಕೂರಿಸಿದ ಟೈಟಾನಿಯಂ ಸ್ಕ್ರೂಗಳು ಆತನ ಬಾಯಲ್ಲಿ 40 ವರ್ಷ ಬಾಳಿದವು. ಆದರೆ 'ಶಾಶ್ವತ' ಅನ್ನೋದನ್ನ ನಂಬಿ ವರ್ಷಗಟ್ಟಲೆ ಡಾಕ್ಟರ ಕಡೆ ತಲೆ ಹಾಕದವರು ಕೊನೆಗೆ ನನ್ನಂಥವರ ಹತ್ತಿರ ಬರುವಷ್ಟರಲ್ಲಿ ಸ್ಕ್ರೂ ಸುತ್ತಲಿನ ಮೂಳೆ ಅರ್ಧ ಕರಗಿರುತ್ತದೆ.

ಇಂಪ್ಲಾಂಟಿಗೆ ಹುಳುಕು ಹಿಡಿಯಲ್ಲ, ನಿಜ. ಕೊಳೆ ಕಟ್ಟುತ್ತದಲ್ವಾ? ಸ್ವಂತ ಹಲ್ಲಿನ ಬೇರನ್ನು ನಾರುಗಳು ಮೂಳೆಗೆ ಹಿಡಿದಿರುತ್ತವೆ. ಇಲ್ಲಿ ಅವಿಲ್ಲ, ಸೋಂಕು ಬೇಗ ಮೂಳೆಗೆ ಇಳಿಯುತ್ತದೆ. ನೋವೂ ಹೆಚ್ಚಾಗಿ ಇರಲ್ಲ. ಬ್ರಷ್ ಮಾಡುವಾಗ ರಕ್ತ, ಒತ್ತಿದರೆ ಕೀವು, ಅಷ್ಟೇ. ಮೊದಲೇ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಜಾಸ್ತಿ, ಆದರೆ ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ಅಂಥವರೇ ಬಹಳ ಜನ.

ಮೊದಲು ಆಪರೇಷನ್ ಇಲ್ಲದೆ ಕ್ಲೀನ್ ಮಾಡಿ 6ರಿಂದ 12 ವಾರ ಬಿಟ್ಟು ನೋಡುತ್ತೇವೆ. ಆಗಲೂ ವಸಡಿಗೂ ಇಂಪ್ಲಾಂಟಿಗೂ ನಡುವಿನ ಸಂದು 6 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳ ಇದ್ದು ರಕ್ತ ಬರುತ್ತಿದ್ದರೆ ವಸಡು ಬಿಡಿಸಿ, ಕೆಟ್ಟ ಮಾಂಸ ತೆಗೆದು, ಸ್ಕ್ರೂವಿನ ಥ್ರೆಡ್ಡುಗಳ ಸಂದಿಸಂದಿ ಉಜ್ಜಬೇಕು. ಒರಟು ಮೇಲ್ಮೈ ಅದು, ಪೂರ್ತಿ ಸ್ವಚ್ಛ ಮಾಡೋದು ಸುಲಭವಲ್ಲ. ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ನುಂಗಿದರೆ ಆ ಕೊಳೆ ಹೋಗಲ್ಲ.

'ಕರಗಿದ ಜಾಗಕ್ಕೆ ಮೂಳೆ ಪುಡಿ ತುಂಬಿಬಿಡಿ ಡಾಕ್ಟ್ರೇ' ಅಂತ ಎಲ್ಲರೂ ಕೇಳುತ್ತಾರೆ. ಮೂಳೆ ಬಾವಿಯಂತೆ ಗುಂಡಿಯಾಗಿ ಕರಗಿ ಸುತ್ತ ಗೋಡೆ ಉಳಿದಿದ್ದರೆ ಪುಡಿ ನಿಲ್ಲುತ್ತದೆ. ಮಟ್ಟಸವಾಗಿ ಸವೆದು ಹೋಗಿದ್ದರೆ ಯಾವುದರ ಆಸರೆಯಲ್ಲಿ ನಿಲ್ಲಬೇಕು? ಅಂಥ ಕಡೆ ವಸಡನ್ನೇ ಕೆಳಗಿಳಿಸಿ, ಹೊರಗೆ ಉಳಿದ ಥ್ರೆಡ್ಡುಗಳನ್ನು ಕೆಲವೊಮ್ಮೆ ಉಜ್ಜಿ ನುಣುಪು ಮಾಡುತ್ತೇವೆ. ಹಲ್ಲು ಉದ್ದ ಕಾಣುತ್ತದೆ, ಲೋಹ ಇಣುಕುತ್ತದೆ. ಮುಂದಿನ ಹಲ್ಲಾದರೆ ರೋಗಿಗೆ ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು, ಬಹಳ ಜನ ಹೇಳಲ್ಲ. ಆಮೇಲೂ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸದಿದ್ದರೆ ರೋಗ ಮರಳಬಹುದು. ಕ್ಯಾಪಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು, ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ಮಾತ್ರ ತೆಗೆಯಲೇಬೇಕು.

ಕ್ಲಿನಿಕ್‌ಗಳು ಒಂದು ಕೆಲಸ ಮಾಡಲಿ. ಹಲ್ಲು ಕೂರಿಸಿದ ದಿನದ ಎಕ್ಸ್‌ರೇ, ಇಂಪ್ಲಾಂಟ್ ಕಂಪನಿಯ ಹೆಸರು, ಅಳತೆ ಬರೆದ ಕಾರ್ಡು ರೋಗಿಯ ಕೈಗೆ ಕೊಡಲಿ. ಹಳೇ ಎಕ್ಸ್‌ರೇ ಇಲ್ಲದೆ ಮೂಳೆ ಎಷ್ಟು ಕರಗಿದೆ ಅಂತ ಅಳೆಯೋದು ಕಷ್ಟ. ಕಂಪನಿ ಯಾವುದೆಂದು ಗೊತ್ತಿಲ್ಲದಿದ್ದರೆ ಕ್ಯಾಪ್ ಬಿಚ್ಚಲು ಯಾವ ಡ್ರೈವರ್ ಬೇಕು ಅನ್ನೋದೂ ತಿಳಿಯಲ್ಲ, ಸುಮ್ನೆ ಒಂದೊಂದೇ ಹಾಕಿ ನೋಡುತ್ತಾ ಕೂರಬೇಕಾಗುತ್ತದೆ.

– ಒಬ್ಬ ದಂತವೈದ್ಯೆ, ಶಿವಮೊಗ್ಗ