ಹಸಿರು ಸೀರೆಯ ಅಮ್ಮನಿಗೆ

ಹೋದ ತಿಂಗಳು ಔಷಧಿ ಅಂಗಡಿ ಮುಂದೆ ನಮ್ಮ ನಾಯಿ ಕರಿಯನ ಕಿವಿ ಮಡಚಿ ನೋಡಿದಿರಲ್ಲ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ತುರಿಕೆಗೆ ಪುಡಿ ಕೊಳ್ಳಲು ಬಂದಿದ್ದೆ. ಹಿಂದಿನ ದಿನ ಸೀಮೆಎಣ್ಣೆ ಬೇರೆ ಸವರಿದ್ದೆ (ಬೈದಿರಿ, ಬೈಸಿಕೊಳ್ಳಬೇಕಾದ್ದೇ). ಬೆರಳ ಸಂದಿಯಲ್ಲಿ ಹರಳುಬೀಜದಂತೆ ಊದಿಕೊಂಡಿದ್ದ ಉಣ್ಣೆ ತೋರಿಸಿ, ತುಟಿ ಎತ್ತಿ, "ವಸಡು ಬೆಳ್ಳಗಾಗಿದೆ ನೋಡಪ್ಪಾ, ಇದು ಬರೀ ಚರ್ಮದ್ದಲ್ಲ. ಇವತ್ತೇ ರಕ್ತ ಪರೀಕ್ಷೆ ಮಾಡಿಸು" ಅಂದಿರಿ.

ಉಣ್ಣೆ ಜ್ವರವೇ. ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿತ್ತು. ಡಾಕ್ಟರು ಬರೆದ ಡಾಕ್ಸಿಸೈಕ್ಲಿನ್ 28 ದಿನ, ಕೋಳಿ ತುಣುಕಿನಲ್ಲಿ ಬಚ್ಚಿಟ್ಟು ನುಂಗಿಸಿದೆವು. ನೀವು ಹೇಳಿದಂತೆ ಗೋಡೆಯ ಬಿರುಕುಗಳನ್ನೂ ಬಿಡಲಿಲ್ಲ. ಉಣ್ಣೆ ಮೊಟ್ಟೆಯಿಡುವುದು ಅಲ್ಲೇ ಅಂತ ನನಗೇನು ಗೊತ್ತಿತ್ತು! ಇವತ್ತು ಬೆಳಿಗ್ಗೆ ಕರಿಯ ಹಾಲಿನವನ ಮೇಲೆ ಮೊದಲಿನ ಹಾಗೇ ಬೊಗಳಿದ. ನಿಮಗೆ ಕೈಮುಗಿದೆ, ಅಮ್ಮಾ.