ಹಬ್ಬಕ್ಕೆ ಬರುವ ಮಗಳಿಗೆ, ಸೊಂಟದ ವಿಷಯವಾಗಿ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀರು ತುಂಬುವ ಹಬ್ಬದ ಹಿಂದಿನ ರಾತ್ರಿಯೇ ಬಸ್ಸು ಹತ್ತುತ್ತೇನೆಂದು ನೀನು ಹೇಳಿದ್ದರಿಂದ ಮನಸ್ಸಿಗೆ ಬಹಳ ಸಂತೋಷವಾಯಿತು. ಆದರೆ ಬಂದವಳೇ ಕೈಕಾಲು ತೊಳೆದು ಕೆಲಸಕ್ಕಿಳಿಯುವ ನಿನ್ನ ಸ್ವಭಾವವನ್ನು ಬಲ್ಲೆನಾದ್ದರಿಂದ, ಹಬ್ಬದ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಈಗಲೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನನ್ನ ಸೊಂಟ ಹಿಡಿದದ್ದು ನಿನಗೆ ನೆನಪಿರಬೇಕು. ಅಂದು ಬೆಳಗಿನಿಂದ ನೆಲದ ಮೇಲೆ ಕುಳಿತು ಚಕ್ಕುಲಿ ಒತ್ತಿದ್ದೆ. ಆಮೇಲೆ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ, ಬಗ್ಗಿಕೊಂಡೇ ಒಂದು ಗಂಟೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಿದ್ದೆ. ಅದು ಮುಗಿದ ಕೂಡಲೇ ಬಾವಿಯಿಂದ ನೀರು ತಂದು ಹಂಡೆ ತುಂಬತೊಡಗಿದೆ. ಕೊನೆಯ ಕೊಡವನ್ನು ಕೈ ಚಾಚಿ ಹಿಡಿದು, ಕಾಲು ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿ ನೀರು ಸುರಿಯುವಾಗ ಬೆನ್ನ ಕೆಳಗೆ ಚಳಕ್ಕೆಂದಿತು. ಕೊಡ ಕೈಜಾರಿತು; ನಾನು ಹಂಡೆಯ ಕಂಠ ಹಿಡಿದು, ಉಸಿರೆಳೆಯಲೂ ಹೆದರಿ ನಿಂತುಬಿಟ್ಟೆ.

15 ಲೀಟರಿನ ಕೊಡವೆಂದರೆ 15 ಕಿಲೋ ನೀರು. ಅಷ್ಟನ್ನು ನಾನು ದಿನವೂ ಹೊರುತ್ತಿದ್ದವಳೇ. ಅಂದೇ ಏಕೆ ಹೀಗಾಯಿತೆಂದು ಕೇಳಿದಾಗ ಡಾಕ್ಟರು ಬಿಡಿಸಿ ಹೇಳಿದರು: ಬಹಳ ಹೊತ್ತು ಬಗ್ಗಿದ್ದರೆ ಬೆನ್ನೆಲುಬನ್ನು ಬಿಗಿದಿಡುವ ಕಟ್ಟುಗಳು ಹಿಗ್ಗಿ ಸಡಿಲಾಗುತ್ತವೆ, ಅವು ಮತ್ತೆ ಬಿಗಿಯಾಗುವ ಮುನ್ನವೇ ಭಾರವನ್ನು ಮೈಯಿಂದ ದೂರ ಹಿಡಿದು ಸೊಂಟ ತಿರುಚಿದರೆ, ಅದೇ ತೂಕ ಹಲವು ಪಟ್ಟಾಗಿ ಬೀಳುತ್ತದೆ. ಆದ್ದರಿಂದ ಬಗ್ಗಿ ಮಾಡುವ ಕೆಲಸ ಮುಗಿದ ಮೇಲೆ ಐದು ನಿಮಿಷ ಅಂಗಳದಲ್ಲಿ ಓಡಾಡದೆ ಏನನ್ನೂ ಎತ್ತಬೇಡ. ಎತ್ತುವಾಗ ಮಂಡಿ ಮಡಚಿ ಕೂತು, ಭಾರವನ್ನು ಹೊಟ್ಟೆಗೆ ಒತ್ತಿ ಹಿಡಿದೇ ಏಳು. ತಿರುಗಬೇಕಾದರೆ ಪಾದ ಎತ್ತಿಟ್ಟು ಇಡೀ ಮೈಯನ್ನೇ ತಿರುಗಿಸು.

ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅಲುಗಾಡಬಾರದೆಂದು ಯಾರೋ ಹೇಳಿದ್ದನ್ನು ನಂಬಿ ಎಂಟು ದಿನ ಮಲಗಿಯೇ ಇದ್ದೆ. ಮಲಗಿದಷ್ಟೂ ಮೈ ಮರಗಟ್ಟಿ ಏಳುವುದೇ ಕಷ್ಟವಾಯಿತು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆಂದವರೂ ಇದ್ದರು. ನೋಯುವ ಬೆನ್ನಿಗೆ ಒದೆಸುವುದು ಅಪಾಯವೇ ಹೊರತು ಔಷಧವಲ್ಲ. ಬಿಸಿನೀರಿನ ಶಾಖ, ಮನೆಯೊಳಗೇ ಸ್ವಲ್ಪ ಸ್ವಲ್ಪ ನಡಿಗೆ, ಇವುಗಳಿಂದಲೇ ನಾನು ಸುಧಾರಿಸಿಕೊಂಡೆ. ಇಂಥ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಕಾಲಿನ ಬಲ ಕುಗ್ಗಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಹಬ್ಬವೆಂದು ನೋಡದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಅಳಿಯಂದಿರಿಗೂ ಹೇಳಿಡು.

ಬಸ್ಸಿನಲ್ಲಿ ಕೊನೆಯ ಸಾಲಿನ ಸೀಟು ಬೇಡ, ಅಲ್ಲಿ ಎತ್ತಿಹಾಕುವುದು ಹೆಚ್ಚು. ಚಿಕ್ಕ ಟವೆಲ್ ಸುರುಳಿ ಮಾಡಿ ಸೊಂಟದ ಹಿಂದೆ ಇಟ್ಟುಕೋ; ಊಟಕ್ಕೆ ನಿಲ್ಲಿಸಿದಾಗ ಹಸಿವಿಲ್ಲದಿದ್ದರೂ ಇಳಿದು ನಾಲ್ಕು ಹೆಜ್ಜೆ ನಡೆ. ಒಂದೇ ದೊಡ್ಡ ಬ್ಯಾಗು ತುಂಬುವ ಬದಲು ಎರಡು ಸಣ್ಣವು ಮಾಡು.

ನರಕ ಚತುರ್ದಶಿಯ ನಸುಕಿನ ವಿಷಯವೊಂದಿದೆ, ಇದು ನನಗೂ ಮೊದಲು ಗೊತ್ತಿರಲಿಲ್ಲ. ರಾತ್ರಿ ಮಲಗಿದ್ದಾಗ ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆಯಂತೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ನಾವೋ ಎದ್ದ ಕೂಡಲೇ ಕಾಲು ನೆಟ್ಟಗಿಟ್ಟು, ಸೊಂಟ ಮುರಿದು ಬಗ್ಗಿ ಅಂಗಳದ ತುಂಬ ರಂಗೋಲಿ ಹಾಕುತ್ತೇವೆ. ಈ ಸಲ ರಂಗೋಲಿಯನ್ನು ಎಣ್ಣೆಸ್ನಾನ ಮುಗಿಸಿ ಬೆಳಕಾದ ಮೇಲೆ, ಮಣೆಯ ಮೇಲೆ ಕೂತು ಹಾಕು. ದೊಡ್ಡ ಚುಕ್ಕಿ ರಂಗೋಲಿಯನ್ನು ಪಾಡ್ಯದವರೆಗೆ ಇಟ್ಟುಕೊಂಡರೂ ಆದೀತು.

ನಾನೂ ಇಲ್ಲಿ ಕೆಲಸಗಳನ್ನು ಹಂಚಿಹಾಕಿದ್ದೇನೆ. ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ನಿನ್ನ ಅಪ್ಪ ಹೋದ ವಾರವೇ ಒಂದೊಂದಾಗಿ ಇಳಿಸಿಕೊಟ್ಟರು, ದಿನಕ್ಕೆ ಎರಡರಂತೆ ಬೆಳಗುತ್ತಿದ್ದೇನೆ. ಚಕ್ಕುಲಿಯನ್ನು ಮೇಜಿನ ಮೇಲೆ ಒತ್ತೋಣ. ಹಂಡೆಗೆ ನಲ್ಲಿಯಿಂದ ಪೈಪು ಹಾಕಿ ಮುಕ್ಕಾಲು ತುಂಬಿಸಿಟ್ಟಿರುತ್ತೇನೆ. ಪೂಜೆಗೆ ಬೇಕಾದ ಬಾವಿನೀರನ್ನು ಮಾತ್ರ ನೀನೂ ಮಗುವೂ ಚಿಕ್ಕ ತಂಬಿಗೆಯಲ್ಲಿ ತಂದು ಹಾಕಿರಿ.

ಇತಿ,
ನಿನ್ನ ಅಮ್ಮ